ರಜೆಗೆ ಏನು ನೋಡಲಿ ಎಂದು ಕೇಳಿದವರಿಗೆ ಉತ್ತರ ಕೊಡುವ ಬಗೆ

ಚೌತಿಗೆ ಮುಂಚಿನ, ಮಳೆ ಬಿಡದೆ ಹೊಯ್ಯುವ ವಾರಗಳಲ್ಲಿ ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಬರುವ ಫೋನುಗಳಲ್ಲಿ ಬಹಳಷ್ಟು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಶನಿವಾರ, ಭಾನುವಾರ ಕೂತು ನೋಡುವಂಥದ್ದು ಏನಾದರೂ ಇದ್ದರೆ ಹೇಳಿ. ಕೇಳುವವರು ಡೊಂಬಿವಲಿಯ ಚಿಕ್ಕಮ್ಮ, ಪುಣೆಯ ಹಿಂಜವಡಿಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗ, ಮಾಟುಂಗದಲ್ಲಿ ಹೋಟೆಲು ನಡೆಸುವ ಭಾವ, ವಾಸ್ಕೋದಲ್ಲಿ ನೆಲೆಸಿದ ಹಳೆಯ ಗೆಳೆಯ. ಮೊದಮೊದಲು ನಾನು ಇವರೆಲ್ಲರಿಗೂ ಒಂದೇ ಹೆಸರನ್ನು, ಆ ತಿಂಗಳು ನನಗೆ ಹಿಡಿಸಿದ ಸರಣಿಯ ಹೆಸರನ್ನು, ಹೇಳಿ ಫೋನಿಡುತ್ತಿದ್ದೆ. ಹಾಗೆ ಒಮ್ಮೆ ಮುಂಬಯಿಯ ಭೂಗತ ಲೋಕದ ಕಥೆಯೊಂದನ್ನು ಚಿಕ್ಕಮ್ಮನಿಗೆ ಸೂಚಿಸಿದೆ. ಅವರ ಮನೆಗೆ ಊರಿನಿಂದ ಮಾವನವರು ಬಂದಿದ್ದಾರೆ ಎಂಬುದನ್ನು ವಿಚಾರಿಸಲಿಲ್ಲ. ಮೊದಲ ಕಂತು ಹತ್ತು ನಿಮಿಷ ದಾಟುವಷ್ಟರಲ್ಲಿ ಚಿಕ್ಕಮ್ಮ ರಿಮೋಟಿಗಾಗಿ ಸೋಫಾದ ದಿಂಬುಗಳನ್ನೆಲ್ಲ ನೆಲಕ್ಕೆ ಹಾಕಿ ತಡಕಾಡುತ್ತಿದ್ದರಂತೆ, ಮಾವನವರು ಎದ್ದು ಬಾಲ್ಕನಿಗೆ ಹೋಗಿ ಒಣಹಾಕಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದರಂತೆ. ಬಟ್ಟೆ ಇನ್ನೂ ಒದ್ದೆಯಾಗಿತ್ತು ಎಂದು ಚಿಕ್ಕಮ್ಮ ಇವತ್ತಿಗೂ ನೆನಪಿಸುತ್ತಾರೆ.

ಆ ಸರಣಿ ಕಳಪೆಯದಾಗಿರಲಿಲ್ಲ; ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ, ಅಷ್ಟೇ. ಈಗ ಹೆಸರು ಹೇಳುವ ಮೊದಲು ನಾಲ್ಕು ವಿಷಯ ಕೇಳಿಕೊಳ್ಳುತ್ತೇನೆ: ಒಟ್ಟು ಎಷ್ಟು ಗಂಟೆ ಬಿಡುವಿದೆ, ಕೋಣೆಯಲ್ಲಿ ಯಾರ್‍ಯಾರು ಕೂತಿರುತ್ತಾರೆ, ಯಾವ ಭಾಷೆ ಕಿವಿಗೆ ಸಲೀಸು, ಕಥೆ ಅಲ್ಲಿಗೇ ಮುಗಿಯಬೇಕೋ ಅಥವಾ ಮುಂದಿನ ವರ್ಷಕ್ಕೆ ಕಾಯುವ ತಾಳ್ಮೆ ಇದೆಯೋ. ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಗಂಟೆಗಳ ಲೆಕ್ಕವನ್ನು ಜನ ಸಾಮಾನ್ಯವಾಗಿ ಹಾಕುವುದಿಲ್ಲ. ಒಂದು ಸರಣಿಗೆ ಎಷ್ಟು ಸೀಸನ್ ಇದೆ ಎಂದು ಹೇಳಿದರೆ ಏನೂ ತಿಳಿಯುವುದಿಲ್ಲ. ಕಂತುಗಳ ಸಂಖ್ಯೆಯನ್ನು ಒಂದು ಕಂತಿನ ನಿಮಿಷಗಳಿಂದ ಗುಣಿಸಿ ಹೇಳಬೇಕು. ಅಣುಸ್ಥಾವರದ ದುರಂತದ ಕಥೆಯಾದ 2019ರ ‘ಚೆರ್ನೋಬಿಲ್’ ಐದೇ ಕಂತು, ಒಂದು ಭಾನುವಾರಕ್ಕೆ ಸರಿಹೋಗುತ್ತದೆ. 2020ರ ‘ಸ್ಕ್ಯಾಮ್ 1992’ ಹತ್ತು ಕಂತು, ಎಂಟು ಗಂಟೆಗಿಂತ ಹೆಚ್ಚು. ಶನಿವಾರ, ಭಾನುವಾರ ಎರಡೂ ಬೇಕು. ಅಮೆರಿಕದ ಬಾಲ್ಟಿಮೋರ್ ನಗರದ ಕಥೆಯಾದ ‘ದಿ ವೈರ್’ 2002ರಿಂದ 2008ರವರೆಗೆ ಐದು ಸೀಸನ್‌ಗಳಲ್ಲಿ 60 ಕಂತು ಓಡಿತು. ಅದನ್ನು ವಾರಾಂತ್ಯಕ್ಕೆಂದು ಕೇಳಿದವರಿಗೆ ಹೇಳಿದರೆ ಅವರು ಮೂರನೆಯ ಕಂತಿಗೆ ಕೈಬಿಡುತ್ತಾರೆ, ಆಮೇಲೆ ನಮ್ಮ ಮಾತನ್ನೇ ನಂಬುವುದಿಲ್ಲ. ಲೋಕಲ್ ಟ್ರೇನಿನಲ್ಲಿ ನೋಡುವವರ ಲೆಕ್ಕ ಬೇರೆಯೇ ಆಗಿರುತ್ತದೆ. ಸೀಟು ಸಿಕ್ಕಿದರೆ ಮುಲುಂಡಿನಿಂದ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಅರ್ಧ ಗಂಟೆಯ ಒಂದು ಕಂತು ಆರಾಮವಾಗಿ ಮುಗಿಯುತ್ತದೆ, ಒಂದು ಗಂಟೆಯದು ಮಸೀದಿ ಬಂದರಿನ ಹತ್ತಿರ ಸರಿಯಾಗಿ ಕುತೂಹಲದ ಜಾಗದಲ್ಲಿ ಕಡಿದುಹೋಗುತ್ತದೆ. ಅಂಥವರಿಗೆ ಚಿಕ್ಕ ಕಂತುಗಳನ್ನೇ ಹೇಳಬೇಕು, ರಾತ್ರಿಯೇ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಎಂಬ ಮಾತನ್ನೂ ಸೇರಿಸಬೇಕು.

ಕೋಣೆಯಲ್ಲಿ ಯಾರಿರುತ್ತಾರೆ ಎಂಬುದಕ್ಕೆ ಈಗ ಒಂದು ಸುಲಭ ಸಹಾಯವಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಓಟಿಟಿ ವೇದಿಕೆಗಳು ಪ್ರತಿಯೊಂದು ಕಾರ್ಯಕ್ರಮಕ್ಕೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ದರ್ಜೆಗಳಲ್ಲಿ ಒಂದನ್ನು ತೋರಿಸಬೇಕು, ಜೊತೆಗೆ ಬೈಗುಳ, ಹಿಂಸೆ, ಲೈಂಗಿಕ ದೃಶ್ಯ ಇತ್ಯಾದಿಗಳಲ್ಲಿ ಯಾವುದಿದೆ ಎಂದೂ ಬರೆಯಬೇಕು. ದರ್ಜೆಗಿಂತ ಆ ಪಕ್ಕದ ಬರಹವೇ ಹೆಚ್ಚು ಉಪಯೋಗದ್ದು. ನಮ್ಮ ಮನೆಗಳಲ್ಲಿ ಹಿರಿಯರು ರಕ್ತಪಾತವನ್ನು ಹೇಗೋ ಸಹಿಸುತ್ತಾರೆ; ಮೊಮ್ಮಗಳ ಎದುರಿಗೆ ಬೈಗುಳ ಕೇಳಿಸಿತೆಂದರೆ ಆ ಸಂಜೆ ಕೆಟ್ಟಂತೆಯೇ. ಆದ್ದರಿಂದ ಬೈಗುಳದ ಬಗ್ಗೆ ಮೊದಲೇ ಎಚ್ಚರಿಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಮೂರು ತಲೆಮಾರು ಒಟ್ಟಿಗೆ ಕೂತಿರುವ ಮನೆಗೆ ನನ್ನ ಮೊದಲ ಉತ್ತರ ಇಂದಿಗೂ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದರು. ಶೀರ್ಷಿಕೆಯೊಂದಿಗೆ ಬರುವ ರೇಖಾಚಿತ್ರಗಳು ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು, ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯ ಪತ್ರಿಕೆಯಲ್ಲಿ ದಶಕಗಳ ಕಾಲ ಸಾಮಾನ್ಯ ಮನುಷ್ಯನನ್ನು ಬರೆದು, 2015ರಲ್ಲಿ ಪುಣೆಯಲ್ಲಿ ತೀರಿಕೊಂಡವರು. ಎಲ್. ವೈದ್ಯನಾಥನ್ ಅವರ ಆ ‘ತಾನಾನ ತಾನಾನ’ ಶುರುವಾದರೆ ಅಡುಗೆಮನೆಯಲ್ಲಿದ್ದವರೂ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಾರೆ. ಮಾತು ಹಿಂದಿಯಾದರೂ ಮಣ್ಣು, ಮಾಡು, ಮಳೆ ಎಲ್ಲವೂ ಮಲೆನಾಡಿನವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಇದ್ದಾರೆ. ಇದನ್ನು ಸೂಚಿಸುವಾಗ ಒಂದು ವಿವರವನ್ನು ಬಿಡಬಾರದು. ಸ್ವಾಮಿಯ ಕಥೆ ಹಲವು ಕಂತುಗಳಲ್ಲಿ ಬೆಳೆಯುತ್ತದೆ, ಅದನ್ನು ಕ್ರಮವಾಗಿಯೇ ನೋಡಬೇಕು. ಉಳಿದ ಸಣ್ಣ ಕಥೆಗಳಲ್ಲಿ ಹೆಚ್ಚಿನವು ಒಂದೊಂದು ಕಂತಿಗೆ ಮುಗಿಯುವಂಥವು, ಎಲ್ಲಿಂದ ಬೇಕಾದರೂ ಹಿಡಿಯಬಹುದು. ಮತ್ತು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಸಣ್ಣ ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಆರನೆಯ ಕಥೆಯ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ.

ಒಂದೇ ಪಟ್ಟಿಗೆ ಕೂತು ನೋಡಲೆಂದೇ ಕಟ್ಟಿದ ಕಥೆಯ ಲಕ್ಷಣ ಇದಕ್ಕೆ ತದ್ವಿರುದ್ಧ. ಒಂದು ಕಂತಿನಲ್ಲಿ ಬಿದ್ದ ಎಳೆ ನಾಲ್ಕು ಕಂತುಗಳಾಚೆ ಬಿಗಿಯಾಗುತ್ತದೆ, ನಡುವೆ ಒಂದು ವಾರ ಬಿಟ್ಟರೆ ಅದು ಕೈತಪ್ಪುತ್ತದೆ. ಹನ್ಸಲ್ ಮೆಹ್ತಾ ನಿರ್ದೇಶನದ ‘ಸ್ಕ್ಯಾಮ್ 1992’ ಇದಕ್ಕೆ ಒಳ್ಳೆಯ ಮಾದರಿ. ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಏಳುಬೀಳಿನ ಈ ಕಥೆಗೆ ಪತ್ರಕರ್ತರಾದ ಸುಚೇತಾ ದಲಾಲ್ ಮತ್ತು ದೇಬಾಶಿಶ್ ಬಸು ಅವರ ಪುಸ್ತಕ ಆಧಾರ. ಹಗರಣವನ್ನು ಬಯಲಿಗೆ ತಂದ ಸುಚೇತಾ ಅವರ ವರದಿ ಅಚ್ಚಾದದ್ದು 1992ರ ಏಪ್ರಿಲ್ 23ರಂದು. ನಾನಿದನ್ನು ನೋಡಿದ್ದು ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ದೊಡ್ಡಪ್ಪನ ಜೊತೆಗೆ. ಬ್ಯಾಂಕ್ ರಸೀದಿಯ, ಅಂದರೆ ‘ಬಿಆರ್’ನ, ಮಾತು ಬಂದ ಕೂಡಲೆ ಅವರು ರಿಮೋಟ್ ಕಿತ್ತುಕೊಂಡು ಚಿತ್ರವನ್ನು ನಿಲ್ಲಿಸಿದರು. ಟೀಪಾಯಿಯ ಮೇಲೆ ಎರಡು ಬಿಸ್ಕೀಟು ಇಟ್ಟು, ಇದು ಒಂದು ಬ್ಯಾಂಕು, ಅದು ಇನ್ನೊಂದು ಎಂದರು. ಸರಕಾರಿ ಸಾಲಪತ್ರವನ್ನು ಈ ಬ್ಯಾಂಕು ಆ ಬ್ಯಾಂಕಿಗೆ ಕೆಲವು ದಿನಗಳ ಮಟ್ಟಿಗೆ ಮಾರಿ, ಗೊತ್ತಾದ ಬೆಲೆಗೆ ಮರಳಿ ಕೊಳ್ಳುವ ಒಪ್ಪಂದ ಮಾಡಿಕೊಳ್ಳುತ್ತದೆ. ಪತ್ರವನ್ನೇ ಹೊತ್ತು ಒಯ್ಯುವ ಬದಲು, ಪತ್ರ ನಮ್ಮಲ್ಲಿದೆ ಎಂಬ ರಸೀದಿ ಮಾತ್ರ ಕೈ ಬದಲಾಗುತ್ತದೆ. ನಡುವಿನ ದಲ್ಲಾಳಿಯ ಖಾತೆಗೆ ಹಣ ಬೀಳುವ ರೂಢಿ ಬೆಳೆದು, ಹಿಂದೆ ಪತ್ರವೇ ಇಲ್ಲದ ರಸೀದಿ ಹುಟ್ಟಿದರೆ, ಆ ಹಣ ಷೇರುಪೇಟೆಗೆ ಹರಿಯುತ್ತದೆ. ಇಷ್ಟು ಹೇಳಿ ಅವರು ಒಂದು ಬ್ಯಾಂಕನ್ನು ಚಹಾದಲ್ಲಿ ಅದ್ದಿ ತಿಂದರು. ಈ ಐದು ನಿಮಿಷದ ವಿವರಣೆಯಿಂದಾಗಿ ಮುಂದಿನ ಆರು ಕಂತು ನನಗೆ ಅರ್ಥವಾದವು. ಆದ್ದರಿಂದ ಇಂಥ ಸರಣಿಯನ್ನು ಸೂಚಿಸುವಾಗ ಕಥೆ ಹೇಳಬಾರದು. ಕಥೆಯ ಬಾಗಿಲು ತೆರೆಯುವ ಆ ಒಂದು ವಿಷಯವನ್ನು ಮಾತ್ರ ಹೇಳಿ ಬಿಡಬೇಕು.

ನಿಜ ಘಟನೆ ಆಧರಿಸಿದ ನಾಟಕಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕಾಗುತ್ತದೆ. ಇವನ್ನು ನೋಡಿದವರು ಮಾರನೆಯ ದಿನ ಇತಿಹಾಸ ಓದಿದವರಂತೆ ಮಾತನಾಡುತ್ತಾರೆ. ‘ಚೆರ್ನೋಬಿಲ್’ನಲ್ಲಿ ಎಮಿಲಿ ವಾಟ್ಸನ್ ಮಾಡಿದ ಉಲಾನಾ ಖೋಮ್ಯುಕ್ ಎಂಬ ವಿಜ್ಞಾನಿ ನಿಜದಲ್ಲಿ ಇರಲಿಲ್ಲ, ತನಿಖೆಯಲ್ಲಿ ನೆರವಾದ ಅನೇಕ ವಿಜ್ಞಾನಿಗಳನ್ನು ಒಂದೇ ಪಾತ್ರದಲ್ಲಿ ಸೇರಿಸಲಾಗಿದೆ ಎಂದು ಸರಣಿಯೇ ಕೊನೆಯಲ್ಲಿ ತಿಳಿಸುತ್ತದೆ. ಭೋಪಾಲದ ಅನಿಲ ದುರಂತದ ರಾತ್ರಿಯನ್ನು ನಾಲ್ಕು ಕಂತುಗಳಲ್ಲಿ ಹೇಳುವ 2023ರ ‘ದಿ ರೈಲ್ವೇ ಮೆನ್’ನ ಸ್ಟೇಷನ್ ಮಾಸ್ತರರ ಹಿಂದೆ ಆ ರಾತ್ರಿ ಕರ್ತವ್ಯದಲ್ಲಿದ್ದ ಗುಲಾಮ್ ದಸ್ತಗೀರ್ ಎಂಬ ನಿಜವಾದ ರೈಲ್ವೆ ನೌಕರರಿದ್ದಾರೆ, ಹೆಸರು ಬದಲಾಗಿದೆ. ಇವೆರಡನ್ನೂ ನಾನು ಧಾರಾಳವಾಗಿ ಸೂಚಿಸುತ್ತೇನೆ, ಆದರೆ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂಬುದನ್ನು ಒಂದೆರಡು ಮಾತಿನಲ್ಲಿ ಸೇರಿಸಿಯೇ ಕಳಿಸುತ್ತೇನೆ. 2019ರ ‘ಡೆಲ್ಲಿ ಕ್ರೈಮ್’ನ ಮೊದಲ ಸೀಸನ್ 2012ರ ಡಿಸೆಂಬರಿನ ಅತ್ಯಾಚಾರ ಪ್ರಕರಣದ ತನಿಖೆಯದು, ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು, ಅತ್ಯುತ್ತಮವಾದದ್ದು, ಆದರೆ ಮನಸ್ಸು ಕುಗ್ಗಿರುವವರಿಗೆ ಬೇಡ, ಏಳು ಕಂತನ್ನು ಒಂದೇ ರಾತ್ರಿ ನೋಡುವುದಂತೂ ಯಾರಿಗೂ ಬೇಡ.

ಹಾಸ್ಯವನ್ನು ಶಿಫಾರಸು ಮಾಡುವುದು ಎಲ್ಲಕ್ಕಿಂತ ಕಷ್ಟ. ಅಳು ಎಲ್ಲರಿಗೂ ಸುಮಾರಾಗಿ ಒಂದೇ ಕಡೆ ಬರುತ್ತದೆ, ನಗು ಬರುವುದಿಲ್ಲ. ಮಾಟುಂಗದ ಭಾವನಿಗೆ ನಾನು ಬಹಳ ಆಲೋಚಿಸಿ ‘ಫಾಲ್ಟಿ ಟವರ್ಸ್’ ಹೇಳಿದೆ. ಇಂಗ್ಲೆಂಡಿನ ಕಡಲತೀರದ ಒಂದು ಸಣ್ಣ ಹೋಟೆಲು, ಗಿರಾಕಿಗಳನ್ನು ಕಂಡರಾಗದ ಮಾಲಿಕ, 1975 ಮತ್ತು 1979ರಲ್ಲಿ ಆರಾರರಂತೆ ಬಂದ ಒಟ್ಟು ಹನ್ನೆರಡೇ ಕಂತು, ಎಲ್ಲ ಸೇರಿ ಆರು ಗಂಟೆಯ ಆಸುಪಾಸು. ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲವೆಂದು ನನ್ನ ಎಣಿಕೆ. ಭಾವ ಹನ್ನೊಂದು ಕಂತಿಗೂ ಹೊಟ್ಟೆ ಹಿಡಿದು ನಕ್ಕರು. ಕೊನೆಯದರಲ್ಲಿ ಹೋಟೆಲಿಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾನೆ, ಅದೇ ಹೊತ್ತಿಗೆ ಒಳಗೊಂದು ಇಲಿ ಓಡಾಡುತ್ತಿರುತ್ತದೆ. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ ಭಾವ ಫೋನು ಮಾಡಿ, ಗಂಭೀರವಾದ ದನಿಯಲ್ಲಿ, ಇದರಲ್ಲಿ ನಗುವಂಥದ್ದು ಏನಿದೆ ಮಾರಾಯ ಎಂದು ಕೇಳಿದರು.

ಈ ನೆಲದ್ದೇ ಬೇಕೆಂದರೆ 2004ರಲ್ಲಿ ಶುರುವಾದ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ಇದೆ. ಕಫ್ ಪರೇಡಿನ ಶ್ರೀಮಂತ ಅತ್ತೆ ಮಾಯಾ, ಕೂಪನ್ ಕತ್ತರಿಸಿಟ್ಟುಕೊಳ್ಳುವ ಸೊಸೆ ಮೋನಿಷಾ. ಅತ್ತೆಯ ಬಾಯಲ್ಲಿ ‘ಮಧ್ಯಮ ವರ್ಗ’ ಎಂಬುದೇ ಬೈಗುಳ. ಡೊಂಬಿವಲಿಯವರಿಗೆ ಇದು ವಿಶೇಷವಾಗಿ ಹಿಡಿಸುತ್ತದೆ, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. 2020ರಿಂದ ಬರುತ್ತಿರುವ ‘ಪಂಚಾಯತ್’ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಕಲ್ಪಿತ ಹಳ್ಳಿಯದು, ಚಿತ್ರೀಕರಣ ಮಾತ್ರ ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಹಳ್ಳಿಯಲ್ಲಿ ನಡೆಯಿತು. ಒಂದೊಂದು ಸೀಸನ್ನಿಗೆ ಎಂಟು ಕಂತು. ಊರು ಬಿಟ್ಟು ಬಂದವರಿಗೆ ಇದು ಬೇಗ ಹತ್ತಿರವಾಗುತ್ತದೆ, ಅಲ್ಲಿನ ಹಿಂದಿಗೆ ಕಿವಿ ಹೊಂದಿಕೊಳ್ಳಲು ಮಾತ್ರ ಎರಡು ಕಂತು ಹಿಡಿಯುತ್ತದೆ. ಹಾಸ್ಯವನ್ನು ಒಂದೇ ಸಲಕ್ಕೆ ಮೂರು ಕಂತಿಗಿಂತ ಹೆಚ್ಚು ನೋಡಿದರೆ ನಗು ಬಳಲುತ್ತದೆ ಎಂಬುದು ನನ್ನ ಅನುಭವ. ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿ ಶುರುವಾಗುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಟ್ಟರೆ ಎದ್ದು ನೀರು ಕುಡಿಯುವುದಾದರೂ ಸಾಧ್ಯವಾಗುತ್ತದೆ.

ಕನ್ನಡದಲ್ಲೇ ಬೇಕು ಎನ್ನುವವರಿಗೆ ಉತ್ತರಿಸುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ 1998ರಲ್ಲಿ ಚಂದನ ವಾಹಿನಿಯಲ್ಲಿ ಬರುತ್ತಿದ್ದಾಗ ಊರಿನಲ್ಲಿ ಆ ಹೊತ್ತಿಗೆ ಬೀದಿ ಖಾಲಿಯಾಗುತ್ತಿತ್ತು ಎಂದು ನಮ್ಮ ಬಳಗದವರು ಹೇಳುತ್ತಾರೆ, ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿ ಕಿರುತೆರೆಗೆ ತಂದರು, ನಗುವಿಗೆ ‘ಸಿಲ್ಲಿ ಲಲ್ಲಿ’, ‘ಪಾ.ಪ. ಪಾಂಡು’ ಇವೆ. ಆದರೆ ದಿನಕ್ಕೊಂದರಂತೆ ವರ್ಷಗಟ್ಟಲೆ ನೋಡಲೆಂದು ತಯಾರಾದ ಧಾರಾವಾಹಿಯ ನಡಿಗೆಯೇ ಬೇರೆ. ನಿನ್ನೆ ತಪ್ಪಿಸಿಕೊಂಡವರಿಗಾಗಿ ಇವತ್ತು ಅದೇ ಮಾತು ಇನ್ನೊಮ್ಮೆ ಬರುತ್ತದೆ, ಜಾಹೀರಾತಿಗೆ ಮುಂಚೆ ಎಲ್ಲರೂ ಬೆಚ್ಚಿ ನಿಲ್ಲುತ್ತಾರೆ. ಅವನ್ನು ಒಟ್ಟಿಗೆ ನೋಡಿದರೆ ಒಳ್ಳೆಯ ಧಾರಾವಾಹಿಯೂ ಎಳೆದಾಡಿದಂತೆ ಕಾಣುತ್ತದೆ, ಅದು ಅದಕ್ಕೆ ಮಾಡುವ ಅನ್ಯಾಯ. ಊಟದ ಹೊತ್ತಿಗೆ ದಿನಕ್ಕೊಂದು ಎಂದು ಹೇಳುವುದೇ ವಾಸಿ. ಒಟ್ಟಿಗೆ ನೋಡಲು ತಕ್ಕ ಕನ್ನಡ ಸರಣಿಗಳು ಇತ್ತೀಚಿನವು, ಎಣಿಕೆಯವು: ಕರಾವಳಿಯ ಬೇರೆ ಬೇರೆ ಕಥೆಗಳ 2024ರ ‘ಏಕಂ’, ರಾಜಕಾರಣವನ್ನು ಹಾಸ್ಯಕ್ಕೆ ಎಳೆಯುವ, ದಾನಿಶ್ ಸೇಠ್ ನಟಿಸಿದ 2022ರ ‘ಹಂಬಲ್ ಪೊಲಿಟಿಶಿಯನ್ ನೊಗರಾಜ್’, 2025ರ ‘ಅಯ್ಯನ ಮನೆ’. ‘ಏಕಂ’ ತಂಡದವರು ಅದನ್ನು ಕೊನೆಗೆ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು ಎಂಬುದೇ ಕನ್ನಡ ಸರಣಿಗಳ ಮಾರುಕಟ್ಟೆಯ ಸ್ಥಿತಿಯನ್ನು ಹೇಳುತ್ತದೆ. ಮುಂಬಯಿಯಲ್ಲಿ, ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕರಾವಳಿಯ ಕನ್ನಡ ಕಿವಿಗೆ ಬೀಳಲಿ ಎಂಬ ಆಸೆಯಿಂದಲೂ ನಾನಿದನ್ನು ಹೇಳುತ್ತೇನೆ, ಬಚ್ಚಿಡುವುದೇನು.

ಡಬ್ಬಿಂಗಿನ ವಿಷಯವೂ ಇಲ್ಲಿಗೇ ಸೇರುತ್ತದೆ. ಕನ್ನಡಕ್ಕೆ ಡಬ್ ಮಾಡುವುದನ್ನು ಚಿತ್ರೋದ್ಯಮವೇ ದಶಕಗಳ ಕಾಲ ತಡೆದಿಟ್ಟಿತ್ತು; 2012ರಲ್ಲಿ ಆಮಿರ್ ಖಾನರ ಟಿವಿ ಕಾರ್ಯಕ್ರಮ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಿಗೆ ಹೋದರೂ ಆ ವಿರೋಧದಿಂದ ಕನ್ನಡಕ್ಕೆ ಬರಲಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟಿತು, 2020ರ ಲಾಕ್‌ಡೌನಿನಲ್ಲಿ ಡಬ್ ಆದ ‘ಮಹಾಭಾರತ’ ಕನ್ನಡ ವಾಹಿನಿಯಲ್ಲಿ ಬಂತು. ಈಗ ಕೆಲವು ಸರಣಿಗಳಿಗೆ ಕನ್ನಡದ ಧ್ವನಿ ಸಿಗುತ್ತದೆ, ಕನ್ನಡ ಸಬ್‌ಟೈಟಲ್ ಇನ್ನೂ ಅಪರೂಪ. ಆದ್ದರಿಂದ ಹಿರಿಯರಿಗೆ ಏನನ್ನಾದರೂ ಹೇಳುವ ಮೊದಲು ಧ್ವನಿಯ ಪಟ್ಟಿಯನ್ನು ನಾವೇ ತೆರೆದು ನೋಡಬೇಕು, ಒಂದು ನಿಮಿಷ ಕೇಳಬೇಕು. ಡಬ್ಬಿಂಗ್ ಕೆಟ್ಟದಾಗಿದ್ದರೆ ಹಿಂದಿಯಲ್ಲೇ ನೋಡಲಿ. ಮುಂಬಯಿಯಲ್ಲಿ ನಲವತ್ತು ವರ್ಷ ತರಕಾರಿಯವನೊಡನೆ ಚೌಕಾಸಿ ಮಾಡಿದವರಿಗೆ ಹಿಂದಿ ಅರ್ಥವಾಗದೆ ಇರುವುದಿಲ್ಲ.

ಸಾಕ್ಷ್ಯಚಿತ್ರ ಎಂದ ಕೂಡಲೆ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ಸರಕಾರಿ ಚಿತ್ರಗಳು ನೆನಪಾಗಿ ಮುಖ ಗಂಟಿಕ್ಕುವವರಿದ್ದಾರೆ. ಅಂಥವರಿಗೆ ಪ್ರಾಣಿಗಳಿಂದ ಶುರುಮಾಡಬೇಕು, ಅದೂ ಊರಿನ ಪ್ರಾಣಿಗಳಿಂದ. ‘ವೈಲ್ಡ್ ಕರ್ನಾಟಕ’ ಒಂದು ಗಂಟೆಗೂ ಕಡಿಮೆ ಅವಧಿಯದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ನಿರೂಪಿಸಿದ್ದಾರೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ತಬ್ಬಲಿ ಮರಿಯಾನೆಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯ ಕಥೆ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇವು ಹಿಡಿಸಿದರೆ ಹನ್ನೊಂದು ಕಂತಿನ ‘ಪ್ಲಾನೆಟ್ ಅರ್ತ್’, ಏಳು ಕಂತಿನ ‘ಬ್ಲೂ ಪ್ಲಾನೆಟ್ 2’ ಎಂದು ಮುಂದುವರಿಯಬಹುದು. ಇತಿಹಾಸದ ಆಸಕ್ತಿ ಇದ್ದರೆ ಎರಡನೆಯ ಮಹಾಯುದ್ಧದ ಕುರಿತ 26 ಕಂತಿನ ‘ದಿ ವರ್ಲ್ಡ್ ಅಟ್ ವಾರ್’. 1973ರಲ್ಲಿ ಅದು ತಯಾರಾದಾಗ ಯುದ್ಧ ಕಂಡವರು ಬದುಕಿದ್ದರು, ಅವರೇ ಕ್ಯಾಮೆರಾದ ಎದುರು ಕೂತು ಮಾತನಾಡಿದ್ದಾರೆ. ಶ್ಯಾಮ್ ಬೆನೆಗಲ್ ಅವರ 1988ರ ‘ಭಾರತ್ ಏಕ್ ಖೋಜ್’ ಸಾಕ್ಷ್ಯಚಿತ್ರವೂ ಹೌದು, ನಾಟಕವೂ ಹೌದು; 53 ಕಂತುಗಳನ್ನು ಕಂಡು ಹೆದರಬೇಕಾಗಿಲ್ಲ, ವಿಜಯನಗರದ್ದನ್ನೋ ಸಲೀಮ್ ಘೌಸ್ ನಟಿಸಿದ ಟಿಪ್ಪುವಿನದನ್ನೋ ಆರಿಸಿ ನೋಡಿದರೆ ಉಳಿದದ್ದಕ್ಕೆ ಅದೇ ಕರೆದೊಯ್ಯುತ್ತದೆ.

ಅಪರಾಧದ ‘ಸತ್ಯಕಥೆ’ಗಳೆಂದು ಬರುವ ಸಾಕ್ಷ್ಯಚಿತ್ರಗಳಲ್ಲಿ ಅರ್ಧಕ್ಕರ್ಧ ನಟರಿಂದ ಮಾಡಿಸಿದ ದೃಶ್ಯ, ಮೇಲೆ ಎದೆ ಬಡಿದುಕೊಳ್ಳುವ ಸಂಗೀತ. ಅವನ್ನು ನಾನು ಸೂಚಿಸುವುದಿಲ್ಲ. ಗಟ್ಟಿಯಾದದ್ದು ಬೇಕೆಂದರೆ ಮುಂಬಯಿಯ ಗುಡಿಸಲು ತೆರವನ್ನು ಕುರಿತ, ಆನಂದ್ ಪಟವರ್ಧನ್ ಅವರ 1985ರ ‘ಹಮಾರಾ ಶಹರ್’ ನೋಡಿ ಎನ್ನುತ್ತೇನೆ. ಈ ಭಾಗದಲ್ಲಿರುವ ನಮಗೆ ಇನ್ನೊಂದು ಅನುಕೂಲವೂ ಇದೆ: ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಚಿತ್ರಗಳಿಗೆಂದೇ 1990ರಲ್ಲಿ ಶುರುವಾದ ಮುಂಬಯಿಯ ಅಂತಾರಾಷ್ಟ್ರೀಯ ಉತ್ಸವ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, 2004ರಿಂದ ಗೋವಾದಲ್ಲಿ ನಡೆಯುತ್ತಿರುವ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲೂ ಇವಕ್ಕೆ ಜಾಗವಿದೆ. ವಾಸ್ಕೋದ ಗೆಳೆಯ ಪ್ರತಿ ವರ್ಷ ಪಣಜಿಗೆ ಹೋಗಿ, ನೋಡಿದ್ದರ ಪಟ್ಟಿಯನ್ನು ನನಗೇ ಕಳಿಸುತ್ತಾನೆ. ಶಿಫಾರಸು ಮಾಡುವವರಿಗೂ ಶಿಫಾರಸು ಮಾಡುವವರೊಬ್ಬರು ಬೇಕು.

ಇನ್ನು ಹೇಳುವ ರೀತಿ. ಒಬ್ಬರಿಗೆ ಒಮ್ಮೆಗೆ ಎರಡು ಹೆಸರು ಸಾಕು. ಹತ್ತು ಹೆಸರಿನ ಪಟ್ಟಿ ಕೊಟ್ಟರೆ ಅವರು ಯಾವುದನ್ನೂ ನೋಡದೆ ಹಳೆಯ ಸಿನಿಮಾವನ್ನೇ ಮತ್ತೆ ಹಾಕಿಕೊಳ್ಳುತ್ತಾರೆ. ಎಲ್ಲಿ ಸಿಗುತ್ತದೆ ಎಂಬುದನ್ನು ಅದೇ ದಿನ ಹುಡುಕಿ ಹೇಳಬೇಕು, ಏಕೆಂದರೆ ಸರಣಿಗಳು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಮನೆ ಬದಲಾಯಿಸುತ್ತವೆ. ಯಾವ ಕಂತಿನವರೆಗೆ ತಾಳಬೇಕು ಎಂದೂ ಹೇಳಬೇಕು. ಮೊದಲ ಕಂತು ಪರಿಚಯಕ್ಕೇ ಸವೆಯುತ್ತದೆ, ಎರಡನೆಯದರಲ್ಲಿ ಸರಣಿಯ ನಿಜವಾದ ನಡಿಗೆ ಗೊತ್ತಾಗುತ್ತದೆ; ಮೂರನೆಯದರಲ್ಲೂ ಮನಸ್ಸು ನಿಲ್ಲದಿದ್ದರೆ ಸಂಕೋಚವಿಲ್ಲದೆ ಬಿಡಲಿ. ಎರಡನೆಯ ಸೀಸನ್ ಸಪ್ಪೆಯಾಗಿದ್ದರೆ ಮೊದಲನೆಯದಕ್ಕೇ ನಿಲ್ಲಿಸಿ ಎಂದು ಮುಂಚೆಯೇ ತಿಳಿಸುವುದು ಉಪಕಾರ. ಮತ್ತು ಮಾರನೆಯ ಬೆಳಿಗ್ಗೆ ಫೋನು ಮಾಡಿ ನೋಡಿದಿರಾ ಎಂದು ಕೇಳಕೂಡದು.

ಯಾರಿಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ನಾನು ಹಾಲಿನ ಲೆಕ್ಕದ ಡೈರಿಯ ಹಿಂದಿನ ಪುಟಗಳಲ್ಲಿ ಬರೆದಿಡುತ್ತೇನೆ. ಭಾವನ ಹೆಸರಿನ ಎದುರು ‘ಇಲಿ ಬೇಡ’ ಎಂದಿದೆ. ಚಿಕ್ಕಮ್ಮನ ಮಾವನವರ ಎದುರು ‘ಸ್ವಾಮಿ’ ಎಂದಿದೆ. ಮರುವರ್ಷದ ಮಳೆಗಾಲದಲ್ಲಿ ಅವರು ಡೊಂಬಿವಲಿಗೆ ಬಂದಾಗ ಮೂರು ಕಂತಿನ ನನ್ನ ನಿಯಮವನ್ನು ಮುರಿದು, ಬೆಳಗಿನ ಕಾಫಿಯಿಂದ ಸಂಜೆಯ ದೀಪ ಹಚ್ಚುವವರೆಗೆ ಸ್ವಾಮಿಯ ಕಥೆಯನ್ನು ಪೂರ್ತಿ ನೋಡಿದರಂತೆ. ಅಂದು ಬಾಲ್ಕನಿಯ ಬಟ್ಟೆ ಒಣಗಿಯೇ ಇತ್ತು, ಯಾರೂ ತೆಗೆಯಲಿಲ್ಲ, ರಾತ್ರಿಯ ಮಳೆಗೆ ಮತ್ತೆ ನೆನೆಯಿತು.